ಮೊದಲ ದಿನವೇ ತುಂಬಿದ ಅಭಿಪ್ರಾಯ ಪತ್ರ

1

ಎಲ್ಲಿಂದ ಶುರು ಮಾಡಲಿ? ಬಲೂನಿನಿಂದ ಮಾಡಬಹುದು. ನಲವತ್ತು ಮಂದಿ ವಿಶ್ವವಿದ್ಯಾಲಯದ ಅಧ್ಯಾಪಕರು, ಅರ್ಧಕ್ಕರ್ಧ ಜನ ಓದುವ ಕನ್ನಡಕದವರು, ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸೆಮಿನಾರ್ ಹಾಲಿನಲ್ಲಿ ನಿಂತು ಬಲೂನ್ ಊದುತ್ತಿದ್ದಾರೆ. ಅದರ ಮೇಲೆ ಸ್ಕೆಚ್ ಪೆನ್ನಿನಿಂದ ‘ಅಧ್ಯಾಪಕನಾಗಿ ನನ್ನ ಭಯ’ ಏನೆಂದು ಬರೆದು ಒಡೆಯಬೇಕು. ಒಡೆದರೆ ಭಯ ಹೋಯಿತು ಎಂದು ಲೆಕ್ಕ. ಆರಂಭ ಚೆನ್ನಾಗಿದೆ, ದೃಶ್ಯವಿದೆ, ಸದ್ದೂ ಇದೆ. ಆದರೆ ನನ್ನ ಬಲೂನ್ ಒಡೆಯಲೇ ಇಲ್ಲ, ಗಾಳಿ ಸೋರಿ ಮುದುಡಿತು. ಇದನ್ನು ಬರೆದರೆ ನೀವು ಅದಕ್ಕೊಂದು ಅರ್ಥ ಹಚ್ಚುತ್ತೀರಿ, ನಿಮ್ಮ ಚಾಳಿ ನನಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ಸಾಹಿತ್ಯ ಪಾಠ ಹೇಳುತ್ತಾ ಆ ಚಾಳಿಯನ್ನು ಊರ ಮಕ್ಕಳಿಗೆಲ್ಲ ಅಂಟಿಸಿದವನೇ ನಾನು. ಬಲೂನ್ ಬೇಡ.

2

ಕಾರ್ಯಾಗಾರದಲ್ಲಿ ಕಲಿಸಿಕೊಟ್ಟ ಹಾಗೆ ಶುರು ಮಾಡೋಣವೆಂದರೆ ಮೊದಲು ‘ಕಲಿಕಾ ಫಲ’ ಬರೆಯಬೇಕು. ಬರೆಯುತ್ತೇನೆ. ಈ ಕಥೆ ಓದಿದ ಮೇಲೆ ಓದುಗರು (ಅ) ಅಧ್ಯಾಪಕರ ವೃತ್ತಿ ಅಭಿವೃದ್ಧಿ ಕಾರ್ಯಾಗಾರದ ಲಕ್ಷಣಗಳನ್ನು ಪಟ್ಟಿ ಮಾಡಬಲ್ಲರು. (ಆ) ನಲವತ್ತು ಜನರ ಗುಂಪಿನಲ್ಲಿ ಒಬ್ಬ ಹೇಡಿಯನ್ನು ಗುರುತಿಸಬಲ್ಲರು. ‘ಅರ್ಥ ಮಾಡಿಕೊಳ್ಳಬಲ್ಲರು’ ಎಂದು ಬರೆಯುವ ಹಾಗಿಲ್ಲ. ಅರ್ಥವಾಗುವುದನ್ನು ಅಳೆಯಲಾಗದು, ಆದ್ದರಿಂದ ಯಾರೂ ಆ ಮಾತನ್ನು ಬಳಸಬಾರದು ಎಂದು ತರಬೇತುದಾರರು ಮಂಗಳವಾರ ಒಂದೂವರೆ ಗಂಟೆ ತಲೆ ತಿಂದರು.

ಈ ತರಬೇತುದಾರರನ್ನು ಊಟದ ಸಾಲಿನಲ್ಲಿ ನಿಂತಾಗ ಮಾತಾಡಿಸಿದ್ದೆ. ನೀವು ಯಾವ ವಿಷಯ ಪಾಠ ಮಾಡ್ತೀರಿ ಸರ್, ಅಂದೆ.

“ಪಾಠ ಮಾಡೋದು ಹೇಗೆ ಅಂತ ಪಾಠ ಮಾಡ್ತೀನಿ.”

“ಅದಕ್ಕೂ ಮುಂಚೆ?”

“ಮುಂಚೆಯಿಂದಲೂ ಅದೇ.”

ಅವರು ಕಥೆಯಲ್ಲಿ ಇನ್ನು ಬರುವುದಿಲ್ಲ. ಐದು ದಿನ ಮಾತಾಡಿದ್ದಾರೆ, ಸಾಕು.

3

ಹಾಗಾದರೆ ಪಾತ್ರದಿಂದಲೇ ಶುರು ಮಾಡುತ್ತೇನೆ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತವರು ಸಂಖ್ಯಾಶಾಸ್ತ್ರದ ಅಧ್ಯಾಪಕಿ. ವಿದ್ಯಾರ್ಥಿಗಳು ಅವರನ್ನು ಅಂಕಿ ಮೇಡಂ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದಾರೆ. ಗುತ್ತಿಗೆ ಎಂದರೆ ವರ್ಷಕ್ಕೊಂದು ಸಂದರ್ಶನ; ಅದೇ ಕೋಣೆಯಲ್ಲಿ, ಹೆಚ್ಚುಕಡಿಮೆ ಅವೇ ಮುಖಗಳ ಎದುರಿಗೆ, ಹನ್ನೊಂದು ಸಲ ಅವರು ತಮ್ಮ ಪರಿಚಯ ಮಾಡಿಕೊಂಡಿದ್ದಾರೆ. ಈ ವರ್ಷ ಹೊಸ ನಿಯಮವೊಂದು ಬಂದಿದೆ. ಈ ಐದು ದಿನದ ಕಾರ್ಯಾಗಾರದ ಪ್ರಮಾಣಪತ್ರ ಇಲ್ಲದಿದ್ದರೆ ಸಂದರ್ಶನಕ್ಕೆ ಕರೆಯುವುದೇ ಇಲ್ಲ. ಸಂದರ್ಶನ ಮುಂದಿನ ಸೋಮವಾರ. ಸಮಿತಿಯಲ್ಲಿ ಮೂವರಿದ್ದಾರೆ, ಮೂವರಲ್ಲಿ ಒಬ್ಬರು ಈ ಕಾರ್ಯಾಗಾರದ ಸಂಯೋಜಕರೇ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಹೇಳಿಸಬೇಡಿ.

ನಾನು ಖಾಯಂ ನೌಕರ. ನನ್ನನ್ನು ತೆಗೆಯಬೇಕಾದರೆ ನಾನು ಕಟ್ಟಡಕ್ಕೆ ಬೆಂಕಿ ಹಚ್ಚಬೇಕು, ಅದೂ ಕಚೇರಿ ವೇಳೆಯಲ್ಲಿ, ಸಾಕ್ಷಿಗಳ ಎದುರಿಗೆ. ಕಾರ್ಯಾಗಾರಕ್ಕೆ ಪ್ರತಿ ವಿಭಾಗದಿಂದ ಒಬ್ಬರು ಹೋಗಲೇಬೇಕಿತ್ತು. ಉಳಿದವರು ಸೊಂಟನೋವು, ಸಂಶೋಧನೆ ಎಂದು ಜಾರಿಕೊಂಡರು, ನಾನು ಸಿಕ್ಕಿಬಿದ್ದೆ.

(ಅಂಕಿ ಮೇಡಂ ಇಲ್ಲಿ ಕಥೆಯೊಳಗಿಂದ ತಲೆ ಹಾಕುತ್ತಾರೆ: “ಸರ್, ನನ್ನನ್ನ ಪಾಪದವಳ ತರ ಬರೀಬೇಡಿ. ನನಗೆ ಪಾಠ ಮಾಡಕ್ಕೆ ಬರುತ್ತೆ. ಅದನ್ನೂ ಹಾಕಿ.” ಹಾಕುತ್ತೇನೆ. ಸರಾಸರಿ ಎಂದರೇನು ಎಂದು ಹೇಳಿಕೊಡಲು ಅವರು ಇಡೀ ತರಗತಿಯ ಚಪ್ಪಲಿ ಬಿಡಿಸಿ, ಅಳತೆಯ ಪ್ರಕಾರ ಸಾಲಾಗಿ ಜೋಡಿಸುತ್ತಾರೆ. ಸರಾಸರಿ ಅಳತೆಯ ಚಪ್ಪಲಿ ತರಗತಿಯಲ್ಲಿ ಒಬ್ಬರ ಕಾಲಿಗೂ ಸರಿಹೋಗುವುದಿಲ್ಲ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಬೇರೆ ವಿಭಾಗದವರೂ ಬಂದು ಕಿಟಕಿಯ ಕಟ್ಟೆ ಹತ್ತಿ ಕೂರುತ್ತಾರೆ. ನನ್ನ ತರಗತಿಯ ಕಿಟಕಿಯ ಬಳಿ ಕೂರುವವರು ಹೊರಗೆ ನೋಡುವುದಕ್ಕೆ ಕೂರುತ್ತಾರೆ.)

4

ಸೋಮವಾರ ಮಧ್ಯಾಹ್ನದ ಚಹಾದ ಜೊತೆ ಅಭಿಪ್ರಾಯ ಪತ್ರ ಹಂಚಿದರು. ಐದು ದಿನದ ಇಪ್ಪತ್ತು ಅಧಿವೇಶನಗಳಿಗೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಅಷ್ಟು ಹೊತ್ತಿಗೆ ನಡೆದಿದ್ದದ್ದು ಮೂರು.

“ಇನ್ನೂ ನಡೀದೇ ಇರೋದಕ್ಕೆ ಅಂಕ ಹೇಗೆ ಕೊಡೋದು?” ಎಂದು ಕೇಳಿದೆ.

“ಚೆನ್ನಾಗೇ ನಡಿಯುತ್ತೆ ಸರ್, ನಂಬಿ,” ಅಂದರು ಸಂಯೋಜಕರು. “ವರದಿ ಬುಧವಾರ ಅಪ್‌ಲೋಡ್ ಆಗ್ಬೇಕು. ಶುಕ್ರವಾರ ಪ್ರಮಾಣಪತ್ರ ಕೈಗೆ ಬರ್ಬೇಕು ಅಂದ್ರೆ ಇದೊಂದೇ ದಾರಿ. ಪ್ರತಿ ಸಲ ಹೀಗೇ ಮಾಡೋದು. ಎಲ್ಲದಕ್ಕೂ ಐದು ಹಾಕಿ ಕೊಟ್ಬಿಡಿ.”

ಮೂವತ್ತೊಂಬತ್ತು ಜನ ಐದು ಹಾಕಿ ಕೊಟ್ಟುಬಿಟ್ಟರು. ವಿದ್ಯಾರ್ಥಿ ಪ್ರಯೋಗ ಮಾಡದೆ ಫಲಿತಾಂಶ ಬರೆದರೆ ರೆಕಾರ್ಡ್ ಪುಸ್ತಕವನ್ನು ಮೇಜಿನಿಂದ ಆಚೆ ಎಸೆಯುವ ರಸಾಯನಶಾಸ್ತ್ರದವರೂ ಕೊಟ್ಟರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇಪ್ಪತ್ತಕ್ಕೂ ಒಂದೊಂದು ಅಂಕ ಹಾಕಿದೆ. ಕೆಳಗೆ ‘ಇತರ ಸಲಹೆಗಳು’ ಎಂಬ ಖಾಲಿ ಜಾಗವಿತ್ತು. ಅಲ್ಲಿ ಬರೆದೆ: ‘ಐದನೇ ದಿನ ಹೇಗಿತ್ತು ಎಂದು ಮೊದಲ ದಿನ ಕೇಳುತ್ತಿದ್ದೀರಿ. ಶುದ್ಧ ಕೊರೆತ. ಸಂಯೋಜಕರು ತರಗತಿಯ ಮುಖ ನೋಡಿ ಒಂಬತ್ತು ವರ್ಷವಾಯಿತು. ಮೊದಲು ಅವರಿಗೊಂದು ಕಾರ್ಯಾಗಾರ ಏರ್ಪಡಿಸಿ.’

ಬರೆದು ಎರಡು ಸಲ ಓದಿಕೊಂಡೆ. ಬಹಳ ದಿನದಿಂದ ಇಷ್ಟು ಚೆನ್ನಾಗಿ ಏನನ್ನೂ ಬರೆದಿರಲಿಲ್ಲ. ಪಕ್ಕದಿಂದ ಅಂಕಿ ಮೇಡಂ ಇಣುಕಿದರು.

“ಸರ್, ಕೊನೆ ಎರಡು ಸಾಲು ಬೇಕಾ?”

“ಸತ್ಯ ತಾನೇ?”

“ಸತ್ಯನೇ. ಬೇಕಾ ಅಂತ ಕೇಳ್ದೆ.”

ಪತ್ರದಲ್ಲಿ ಹೆಸರು ಬರೆಯುವ ಹಾಗಿರಲಿಲ್ಲ. ಹೆಸರು ಬರೆಯದ ಕಡೆ ನನಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ.

5

ಬುಧವಾರ ಹನ್ನೊಂದೂಕಾಲು. ಸಂಯೋಜಕರು ಅಧಿವೇಶನದ ನಡುವೆ ಬಂದು ಮೈಕ್ ತೆಗೆದುಕೊಂಡರು. ಅವರ ಕೈಯಲ್ಲಿದ್ದ ಕಾಗದ ನನ್ನದೇ.

“ಯಾರೋ ಒಬ್ರು ಎಲ್ಲದಕ್ಕೂ ಒಂದು ಹಾಕಿದ್ದಾರೆ. ಮೂರಕ್ಕಿಂತ ಕಡಿಮೆ ಬಿದ್ರೆ ಸಿಸ್ಟಮ್ ಅದನ್ನ ದೂರು ಅಂತ ತಗೊಳ್ಳುತ್ತೆ. ದೂರು ಬಗೆಹರಿಯೋ ತನಕ ಯಾರ ಪ್ರಮಾಣಪತ್ರನೂ ಬರಲ್ಲ, ನಲವತ್ತೂ ಬ್ಲಾಕ್. ಬಗೆಹರೀಬೇಕು ಅಂದ್ರೆ ಬರೆದೋರೇ ಬಂದು ವಾಪಸ್ ತಗೊಂಡು ಸಹಿ ಹಾಕ್ಬೇಕು. ಯಾರು ಅಂತ ಹೇಳಿ. ನಾನೇನೂ ತಪ್ಪು ತಿಳ್ಕೊಳಲ್ಲ.”

ತಪ್ಪು ತಿಳ್ಕೊಳಲ್ಲ ಅನ್ನುವಾಗ ಅವರ ಕಿವಿ ಕೆಂಪಗಾಗಿತ್ತು. ಮುಂದೆ ಏನಾಯಿತು ಎನ್ನುವುದಕ್ಕೆ ನನ್ನ ಬಳಿ ಮೂರು ಬರಹಗಳಿವೆ.

ಮೊದಲ ಕರಡು: ಆಗ ನಾನು ಕೈಪಿಡಿಯ ಮರೆಯಲ್ಲಿ ಈ ಕಥೆಯನ್ನೇ ಬರೆಯುತ್ತಾ ಮೈಮರೆತಿದ್ದೆ. ಸಂಯೋಜಕರ ಮಾತು ಕಿವಿಗೆ ಬೀಳಲಿಲ್ಲ. ತಲೆ ಎತ್ತಿದಾಗ ಅಂಕಿ ಮೇಡಂ ಆಗಲೇ ಎದ್ದು ನಿಂತಿದ್ದರು. (ಕಲಾವಿದನ ತನ್ಮಯತೆ. ಓದುವವರು ಕ್ಷಮಿಸಿಬಿಡುತ್ತಾರೆ. ಈ ಕರಡನ್ನು ಎರಡು ದಿನ ಇಟ್ಟುಕೊಂಡಿದ್ದೆ.)

ಎರಡನೇ ಕರಡು: ನಾನು ಏಳುವುದಕ್ಕೇ ಹೊರಟಿದ್ದೆ. ಮೊಣಕಾಲು ಮುಂದಿನ ಕುರ್ಚಿಗೆ ಬಡಿಯಿತು. ಅಷ್ಟರಲ್ಲಿ ಅವರು ಎದ್ದುಬಿಟ್ಟರು. (ಮೊಣಕಾಲಿನ ಮೇಲೆ ಗಾಯವನ್ನೂ ಬರೆಯಬೇಕೆಂದಿದ್ದೆ, ನಾಚಿಕೆಯಾಗಿ ಬಿಟ್ಟೆ.)

ಮೂರನೆಯದು ಕರಡಲ್ಲ, ನಡೆದದ್ದು. ನನಗೆ ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸಿತು. ಎಲ್ಲರೂ ಅತ್ತಿತ್ತ ನೋಡಿದರು, ನಾನೂ ನೋಡಿದೆ. ಅಷ್ಟಕ್ಕೆ ಬಿಡಲಿಲ್ಲ. ಹಿಂದಿನ ಸಾಲಿನ ಭೂಗೋಳದವರ ಕಡೆ ತಿರುಗಿ, “ಯಾರಪ್ಪಾ ಇದು, ಒಬ್ಬರಿಂದ ಎಲ್ಲರಿಗೂ ತೊಂದ್ರೆ,” ಅಂದೆ. ನಾನೇ ಅಂದದ್ದು. ಇದನ್ನು ಬರೆಯುವಾಗ ನನಗೆ ಮುಖ ಬಿಸಿಯಾಗುತ್ತಿದೆ. ಅಂಕಿ ಮೇಡಂ ನನ್ನ ಕಡೆ ನೋಡಿದರು, ನೋಡುತ್ತಲೇ ಇದ್ದರು. ನಾನು ಕೈಪಿಡಿಯ ಅಂಚಿನಲ್ಲಿ ಗೆರೆ ಎಳೆಯುತ್ತಾ ಕೂತೆ. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಕಳೆಯಿತು. ಆಮೇಲೆ ಅವರು ಎದ್ದರು.

“ನನ್ದು ಸರ್.”

ಸಂಯೋಜಕರು ಒಮ್ಮೆ ಕಾಗದ ನೋಡಿದರು, ಒಮ್ಮೆ ಅವರನ್ನು ನೋಡಿದರು. “ನೀವಾ ಮೇಡಂ? ಹೀಗೆ ಬರೀತೀರಿ ಅಂದ್ಕೊಂಡಿರ್ಲಿಲ್ಲ.”

ಅಂಕಿ ಮೇಡಂ ಮುಂದೆ ಹೋಗಿ, ತೋರಿಸಿದ ಕಡೆ ಸಹಿ ಹಾಕಿ, ಹೊಸ ಪತ್ರದಲ್ಲಿ ಇಪ್ಪತ್ತು ಐದುಗಳನ್ನು ಬರೆದು ಬಂದು ಕೂತರು. ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು.

6

ಚಹಾದ ಹೊತ್ತಿಗೆ ಅವರನ್ನು ನೀರಿನ ಫಿಲ್ಟರಿನ ಬಳಿ ಹಿಡಿದೆ. ಈ ಸಂಭಾಷಣೆಯನ್ನು ತಿದ್ದಿಲ್ಲ. ತಿದ್ದಿದ್ದರೆ ನನಗೊಂದೆರಡು ಒಳ್ಳೆಯ ಮಾತು ಕೊಟ್ಟುಕೊಳ್ಳುತ್ತಿದ್ದೆ.

“ಯಾಕೆ ಮೇಡಂ ಹಾಗೆ ಮಾಡಿದ್ರಿ?”

“ಲೆಕ್ಕ ಸರ್. ಯಾರೂ ಏಳ್ದೇ ಇದ್ರೆ ಪ್ರಮಾಣಪತ್ರ ಬರಲ್ಲ, ಅದಿಲ್ದೆ ಸಂದರ್ಶನ ಇಲ್ಲ. ಕೆಲಸ ಹೋಗೋದು ನೂರಕ್ಕೆ ನೂರು. ನಾನು ಎದ್ರೆ ಅವರಿಗೆ ಸಿಟ್ಟು ಬರುತ್ತೆ, ಸಮಿತೀಲಿ ಏನೋ ಅಂತಾರೆ, ಉಳಿದಿಬ್ರು ಕೇಳ್ಬೋದು, ಕೇಳ್ದೇನೂ ಇರ್ಬೋದು. ನೂರಕ್ಕೆ ಎಪ್ಪತ್ತು ಅನ್ನಿ. ಎಪ್ಪತ್ತು ನೂರಕ್ಕಿಂತ ಕಮ್ಮಿ.”

“ನಾನು ಎದ್ದಿದ್ರೆ?”

ಅವರು ಲೋಟ ತೊಳೆದು ಬೋರಲು ಹಾಕಿದರು. “ಅದನ್ನ ಎರಡು ನಿಮಿಷ ಲೆಕ್ಕಕ್ಕೆ ತಗೊಂಡಿದ್ದೆ ಸರ್. ಆಮೇಲೆ ಬಿಟ್ಟೆ.”

8

(ಏಳನೆಯ ಭಾಗ ಇತ್ತು. ಅದರಲ್ಲಿ ನಾನು ನನ್ನ ಬಾಲ್ಯ, ಅಪ್ಪನ ಗದರಿಕೆ, ಎದ್ದು ನಿಂತು ಮಾತಾಡಲು ಹೆದರುವ ಸ್ವಭಾವ ಎಲ್ಲ ವಿವರಿಸಿ ನಿಮ್ಮ ಕಣ್ಣಲ್ಲಿ ನೀರು ತರಿಸುವವನಿದ್ದೆ. ನನ್ನ ಹೆಂಡತಿ ಓದಿ, “ನಿಮ್ಮಪ್ಪ ಯಾವತ್ತು ಗದರಿದ್ರು, ಪಾಪ?” ಅಂದಳು. ತೆಗೆದುಹಾಕಿದೆ.)

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನನ್ನ ಕಥೆಗಳನ್ನೆಲ್ಲ ಮೊದಲು ಓದುವವಳು ಅವಳೇ, ಪೂರ್ತಿ ಓದುವವಳೂ ಬಹುಶಃ ಅವಳೊಬ್ಬಳೇ. ಶನಿವಾರ ಬೆಳಿಗ್ಗೆ ಬಟ್ಟೆ ಮಡಚುತ್ತಾ ಇಲ್ಲಿಯವರೆಗಿನದನ್ನು ಓದಿಸಿಕೊಂಡಳು.

“ಶುಕ್ರವಾರ ಏನಾಯ್ತು? ಅದು ಇಲ್ಲಿ ಇಲ್ವಲ್ಲ.”

ಶುಕ್ರವಾರದ್ದನ್ನು ಬರೆಯಲು ನನಗೆ ಮನಸ್ಸಿರಲಿಲ್ಲ. ಬಾಯಲ್ಲಿ ಹೇಳಿದೆ. ಸಮಾರೋಪದಲ್ಲಿ ಸಂಯೋಜಕರು ವರದಿ ಓದಿದರು: ‘ಒಬ್ಬ ಶಿಬಿರಾರ್ಥಿಯ ನಕಾರಾತ್ಮಕ ಮನೋಭಾವವನ್ನು ಸಮಾಲೋಚನೆಯ ಮೂಲಕ ಸರಿಪಡಿಸಲಾಯಿತು.’ ಹೆಸರು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಅಂಕಿ ಮೇಡಂಗೆ ಪ್ರಮಾಣಪತ್ರ ಕೊಡುವಾಗ ನಗುತ್ತಲೇ, “ಸೋಮವಾರ ಸಿಗೋಣ ಮೇಡಂ. ತರಗತಿ ಅಂದ್ರೇನು ಅಂತ ನನಗೂ ಸ್ವಲ್ಪ ಹೇಳಿಕೊಡಿ,” ಅಂದರು. ಫೋಟೋದವನು ಇನ್ನೊಮ್ಮೆ ನಗಿ ಅಂದ. ಇಬ್ಬರೂ ನಕ್ಕರು.

ಹೆಂಡತಿ ಮಡಚುವುದನ್ನು ನಿಲ್ಲಿಸಿದಳು. “ರೀ, ನಮ್ಮ ಲ್ಯಾಬಲ್ಲಿ ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಅಂಟಿಸಿದ್ರೆ ಆವತ್ತೇ ಮನೆಗೆ ಕಳಿಸ್ತಾರೆ.”

“ನಾನು ಅಂಟಿಸ್ಲಿಲ್ವಲ್ಲ. ಅವರಾಗೇ ಅಂಟಿಸ್ಕೊಂಡ್ರು.”

“ನೀವು ನೋಡ್ಕೊಂಡು ಸುಮ್ನೆ ಕೂತಿದ್ರಿ.”

“ಈಗ ಹೋಗಿ ನಾನೇ ಬರೆದದ್ದು ಅಂದ್ರೆ ಅವರು ಸುಳ್ಳು ಹೇಳಿ ಸಹಿ ಹಾಕಿದ ಹಾಗಾಗುತ್ತೆ. ಅವರಿಗೇ ಕಷ್ಟ. ಅವರ ಒಳ್ಳೇದಕ್ಕೇ...”

ಅವಳು ನನ್ನ ಅಂಗಿಯನ್ನು ಕೊಡವಿ ಮಡಚಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ಅವಳು ಯಾವಾಗ ಮಾತು ಮುಗಿಸುತ್ತಾಳೆಂದು ನನಗೆ ಗೊತ್ತು.

9

ಭಾನುವಾರ ಮಧ್ಯಾಹ್ನ ಅಂಕಿ ಮೇಡಂಗೆ ಫೋನ್ ಮಾಡಿದೆ. ಕ್ಷಮೆ ಕೇಳಲು ಮಾಡಿದ್ದು. ಆದರೆ ಬಾಯಿಗೆ ಬಂದದ್ದು, “ಮೇಡಂ, ಇದರ ಮೇಲೆ ಒಂದು ಕಥೆ ಬರೀತಿದೀನಿ. ಮುಕ್ತಾಯ ಸಿಗ್ತಾ ಇಲ್ಲ,” ಎಂಬ ಮಾತು. ಇಂಥದ್ದನ್ನು ಫೋನಿನಲ್ಲಿ ಹೇಳಿದವನ ಮುಖಕ್ಕೆ ಬಾಗಿಲು ಹಾಕಬೇಕು. ಅವರು, “ಓದಿ ಸರ್,” ಅಂದರು. ಹಿಂದೆ ಕುಕ್ಕರ್ ಕೂಗುತ್ತಿತ್ತು.

ಮುಕ್ತಾಯ ಒಂದನ್ನು ಓದಿದೆ. ಅದರಲ್ಲಿ ಸಂಯೋಜಕರಿಗೆ ಜ್ಞಾನೋದಯವಾಗುತ್ತದೆ. ಮತ್ತೆ ತರಗತಿಗೆ ಹೋಗಿ ಪಾಠ ಮಾಡುತ್ತಾರೆ, ಮಕ್ಕಳ ಕಣ್ಣು ನೋಡಿ ಗಂಟಲು ಕಟ್ಟುತ್ತದೆ, ಸೋಮವಾರ ಅಂಕಿ ಮೇಡಂ ಪರವಾಗಿ ಮೊದಲು ಮಾತಾಡುವವರೇ ಅವರು.

“ಅವರಿಗೆ ಗಂಟಲು ಕಟ್ಟಲ್ಲ ಸರ್. ಮುಂದಿನದು?”

ಮುಕ್ತಾಯ ಎರಡು. ಅಂಕಿ ಮೇಡಂ ಕೆಲಸ ಹೋದ ಮೇಲೆ ಸ್ವಂತ ಟ್ಯುಟೋರಿಯಲ್ ತೆರೆಯುತ್ತಾರೆ. ಮೂರು ವರ್ಷದಲ್ಲಿ ಮೂರು ಶಾಖೆ. ಅದೇ ಸಂಯೋಜಕರು ಮಗಳನ್ನು ಸೇರಿಸಲು ಬಂದು ಸಾಲಿನಲ್ಲಿ ನಿಲ್ಲುತ್ತಾರೆ.

“ಕೆಲಸ ಹೋದ್ರೆ ಒಳ್ಳೇದಾಯ್ತು ಅನ್ನೋ ತರ ಇದೆ ಇದು. ನನಗೆ ಟ್ಯುಟೋರಿಯಲ್ ಬೇಡ. ಆ ತರಗತಿನೇ ಬೇಕು. ಸೆಕೆಂಡ್ ಇಯರ್ ಮಕ್ಕಳಿಗೆ ಇನ್ನೂ ಎರಡು ಪಾಠ ಬಾಕಿ ಇದೆ.”

ಮುಕ್ತಾಯ ಮೂರು. ಇದು ನನಗೆ ಬಹಳ ಇಷ್ಟವಾದದ್ದು. ಸಂದರ್ಶನದ ಕೋಣೆಯ ಬಾಗಿಲು ತೆರೆಯುತ್ತದೆ, ಅವರು ಒಳಗೆ ಹೋಗುತ್ತಾರೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಕೆಲಸ ಸಿಕ್ಕಿತೋ ಇಲ್ಲವೋ ಓದುಗರೇ ಊಹಿಸಿಕೊಳ್ಳಲಿ. ಜೀವನದಲ್ಲಿ ಯಾವುದಕ್ಕೆ ಮುಕ್ತಾಯವಿದೆ ಹೇಳಿ, ಮುಗಿಯದಿರುವುದೇ ಹೆಚ್ಚು ನಿಜ ಎಂದು ಅವರಿಗೆ ವಿವರಿಸಿದೆ. ತರಗತಿಯಲ್ಲಿ ಹೇಳುವ ದನಿಯಲ್ಲೇ ವಿವರಿಸಿದೆ.

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು.

“ಸರ್, ಮುಗಿಸ್ದೇ ಬಿಡೋದು ಖಾಯಂ ಆದೋರಿಗೆ ಚೆನ್ನಾಗಿರುತ್ತೆ. ನನ್ದು ಸೋಮವಾರ ಮುಗಿಯುತ್ತೆ. ಹತ್ತು ಗಂಟೆಗೆ.”

“ನಾನು ಬಂದು ಹೇಳ್ಲಾ ಮೇಡಂ?”

“ಅದನ್ನ ನನ್ನ ಕೈಲಿ ಕೇಳಿಸ್ಬೇಡಿ. ಬುಧವಾರ ಕೇಳಿದ್ದೆ. ಬಾಯಿ ಬಿಟ್ಟು ಕೇಳ್ಲಿಲ್ಲ, ಅಷ್ಟೆ.” ಕುಕ್ಕರ್ ಮತ್ತೆ ಕೂಗಿತು. “ಇಡ್ತೀನಿ ಸರ್. ಇಸ್ತ್ರಿ ಮಾಡ್ಕೋಬೇಕು.”

ನನಗೆ ಕೋಪ ಬಂತು, ಹೇಳಿಬಿಡುತ್ತೇನೆ. ಅವರ ಮೇಲೆ ಬಂತು. ಆಮೇಲೆ ಸಂಯೋಜಕರ ಮೇಲೆ, ಮೂರರ ಕೆಳಗೆ ಅಂಕ ಬಿದ್ದರೆ ದೂರು ಎಂದುಕೊಳ್ಳುವ ಆ ಸಿಸ್ಟಮ್ಮಿನ ಮೇಲೆ, ಮೊದಲ ದಿನವೇ ಐದು ಹಾಕಿ ಕೊಟ್ಟ ಮೂವತ್ತೊಂಬತ್ತು ಜನರ ಮೇಲೆ ಬಂತು. ಒಂದು ಸುತ್ತು ಎಲ್ಲರ ಮೇಲೆ ಹೋಗಿ ಬಂದು ಕೊನೆಗೆ ಎಲ್ಲಿ ಕೂತಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

10

ಇದು ಈಗ. ಸೋಮವಾರ, ಹತ್ತಕ್ಕೆ ಇಪ್ಪತ್ತು ನಿಮಿಷ. ಆಡಳಿತ ಕಟ್ಟಡದ ಮೊದಲ ಮಹಡಿ. ಸಂದರ್ಶನದ ಕೋಣೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿದೆ, ಕೊನೆಯದರಲ್ಲಿ ನಾನು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆ ತುದಿಯಲ್ಲಿ ಅಂಕಿ ಮೇಡಂ ಫೈಲ್ ಹಿಡಿದು ಕೂತಿದ್ದಾರೆ. ನಾನು ಬಂದಾಗ ತಲೆಯಾಡಿಸಿದರು, ಯಾಕೆ ಬಂದಿರಿ ಎಂದು ಕೇಳಲಿಲ್ಲ.

ಸಂಯೋಜಕರು ಒಳಗೆ ಹೋಗುವಾಗ ನನ್ನನ್ನು ನೋಡಿ ನಿಂತರು. “ಏನ್ ಸರ್, ಈ ಕಡೆ?”

ಹೇಳುವ ಜಾಗ ಅದೇ ಆಗಿತ್ತು. ಮೂರು ಪದ ಸಾಕಿತ್ತು.

“ಏನಿಲ್ಲ ಸರ್, ಸುಮ್ನೆ,” ಅಂದೆ.

(ಬಯ್ಯಿರಿ. ನಾನೂ ಬಯ್ದುಕೊಂಡೆ.)

ಹತ್ತೂ ಐದು. ಅಟೆಂಡರ್ ಬಾಗಿಲು ತೆರೆದು ಮೊದಲ ಹೆಸರು ಕೂಗಿದ. ಅವರದೇ. ಅಂಕಿ ಮೇಡಂ ಎದ್ದರು, ಸೆರಗು ಸರಿಮಾಡಿಕೊಂಡರು, ನನ್ನ ಎದುರಿನಿಂದಲೇ ಹೋದರು. ನನ್ನ ಕಡೆ ನೋಡಲಿಲ್ಲ. ಈ ಸಲ ಎರಡು ನಿಮಿಷ ಕೊಡಲಿಲ್ಲ.

ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಬಗೆಯದು, ನಿಧಾನಕ್ಕೆ ಬರುತ್ತಿದೆ. ಇನ್ನೂ ಒಂದು ಗೇಣು ತೆರೆದಿದೆ. ಒಳಗಿಂದ ಕುರ್ಚಿ ಎಳೆದ ಸದ್ದು, ಸಂಯೋಜಕರು “ಬನ್ನಿ ಮೇಡಂ, ನಿಮ್ಮ ಪರಿಚಯ ಮಾಡ್ಕೊಳ್ಳಿ,” ಎನ್ನುವುದು ಕೇಳುತ್ತಿದೆ. ನನ್ನ ಕುರ್ಚಿಯಿಂದ ಬಾಗಿಲಿಗೆ ಎಂಟು ಹೆಜ್ಜೆ. ಒಳಗೆ ಹೋಗಿ ಏನು ಹೇಳಬೇಕೆಂದು ಗೊತ್ತಿದೆ, ಅದಕ್ಕೆ ಕರಡು ಬೇಕಾಗಿಲ್ಲ. ಆದರೆ ಬರೆಯುತ್ತಿರುವಷ್ಟು ಹೊತ್ತು ಏಳಬೇಕಾಗಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಾಗಿಲಿನ ಬಣ್ಣದ ಬಗ್ಗೆ ಇನ್ನೊಂದು ಸಾಲು ಬರೆಯಬಲ್ಲೆ. ಅಟೆಂಡರನ ಮೀಸೆಯ ಬಗ್ಗೆ ಬರೆಯಬಲ್ಲೆ. ಓದುವವರು ಒಬ್ಬರಿದ್ದಾರೆ ಎಂಬ ನೆಪವಿದ್ದರೆ ಸಂಜೆಯ ತನಕ ಬರೆಯಬಲ್ಲೆ.

ಆದ್ದರಿಂದ ಒಂದು ಉಪಕಾರ ಮಾಡಿ, ಓದುವುದನ್ನು ನಿಲ್ಲಿಸಿ. ಮುಂದೇನಾಯಿತು ಎಂದು ಕೇಳಬೇಡಿ, ಕಾಗದ ಮಡಚಿ ಆಚೆ ಇಡಿ. ನೀವು ನಿಲ್ಲಿಸಿದರೆ ನನಗೆ ಏಳದೆ ಬೇರೆ ದಾರಿ ಇರುವುದಿಲ್ಲ.

ನಿಲ್ಲಿಸಿ ಅಂದೆ. ನೀವು ಇನ್ನೂ ಓದುತ್ತಿದ್ದೀರಿ, ನಾನು ಇನ್ನೂ ಕೂತೇ ಇದ್ದೇನೆ.